ದೂರಿನಿಂದ ಶುರುವಾದ ಪಾಠ

ದೊಡ್ಡವರಿಗೆ ಪಾಠ ಶುರು ಮಾಡುವುದೇ ಕಷ್ಟ. ಒಮ್ಮೆ ಗಾಡಿ ಹೊರಟರೆ ಸಾಗುತ್ತದೆ. ನಾನು ಇಂಗ್ಲಿಷ್ ಕಲಿತದ್ದು ಔಷಧಿ ಅಂಗಡಿಯ ಕೌಂಟರಿನ ಹಿಂದೆ, ಗಿರಾಕಿಗಳಿಂದ ಬೈಸಿಕೊಳ್ಳುತ್ತಾ. ಈಗ ಅಂಗಡಿಯ ಮಹಡಿಯಲ್ಲೇ ಸಂಜೆ ಹೊತ್ತು ಕಲಿಸುತ್ತೇನೆ. ಬರುವವರೆಲ್ಲ ದುಡಿದು ದಣಿದವರು. ಪಾಠ ಶುರು ಮಾಡಲೆಂದು ಒಮ್ಮೆ ಚೆಂಡು ಎಸೆದು ಹೆಸರು ಹೇಳಿಸಿದೆ. ಟೈಲರ್ ಮಾಮ ಚೆಂಡನ್ನು ಮೊಮ್ಮಗಳಿಗೆಂದು ಜೇಬಿಗಿಳಿಸಿದರು. ಚಿತ್ರ ತೋರಿಸಿದೆ, ಡ್ರೈವರ್ ಆಕಳಿಸಿದ.

ನನಗೆ ಚಿಂತೆ ಒಬ್ಬಳದೇ. ಅತ್ತೆ, ಸೊಸೆ ಜೊತೆಯಾಗಿ ಬರುತ್ತಿದ್ದರು. ನಾನು ಹೇಳುತ್ತಿರುವ ಸಂಜೆಯ ಮರುದಿನವೇ ಸೊಸೆಗೆ ಹಲ್ಲಿನ ಆಸ್ಪತ್ರೆಯಲ್ಲಿ ಸಂದರ್ಶನ. ಫೋನ್ ಎತ್ತಿ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸ. ಬರೆ ಅಂದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ. ಬಾಯಿ ಬಿಡು ಅಂದರೆ ಅತ್ತೆಯ ಮುಖ ನೋಡುತ್ತಾಳೆ. ಹಿರಿಯರೆದುರು ದನಿಯೆತ್ತಿ ಗೊತ್ತಿಲ್ಲ.

ಆವತ್ತು ಹೇಳಿದೆ: "ಇವತ್ತು ದೂರಿನಿಂದ ಶುರು. ಯಾರ ಮೇಲಾದ್ರೂ ಹೇಳಿ, ಆದ್ರೆ ಇಂಗ್ಲಿಷಲ್ಲೇ. ಹೇಳಿಸ್ಕೊಂಡೋರು ಇಂಗ್ಲಿಷಲ್ಲೇ ಉತ್ತರ ಕೊಡ್ಬೇಕು. ಸಿಟ್ಟನ್ನ ಮನೆಗೆ ಒಯ್ಯೋ ಹಾಗಿಲ್ಲ."

ಆಕಳಿಕೆ ನಿಂತಿತು. ಡ್ರೈವರ್ ಎದ್ದು, "ಟೈಲರ್ ಮಾಮ, ಮೈ ಪ್ಯಾಂಟ್ ಟೈಟ್!" ಎಂದ.

"ಪ್ಯಾಂಟ್ ಸೇಮ್. ಯುವರ್ ಹೊಟ್ಟೆ ಬಿಗ್!"

ನಗು ಇಳಿಯುವ ಮೊದಲೇ ಅತ್ತೆ ಎದ್ದರು. "ಮೈ ಸೊಸೆ ಲೇಜಿ. ಆಲ್ ಡೇ ಸ್ಲೀಪ್."

ಸೊಸೆ ಕೆಂಪಾದಳು.

"ಉತ್ತರ ಕೊಡೇ. ಟೀಚರಮ್ಮ ಹೇಳಿದ್ದು ಕೇಳಿಸ್ಲಿಲ್ವಾ?"

"ಬೇಡ ಅತ್ತೆ..."

"ಲೇಜಿ! ಕುಕಿಂಗ್ ಆಲ್ಸೋ ಬ್ಯಾಡ್!"

"ನೋ!" ಸೊಸೆ ಎದ್ದೇಬಿಟ್ಟಳು. "ಐ ವೇಕ್ ಅಪ್ ಫಸ್ಟ್. ಐ ಕುಕ್. ಯೂ ಈಟ್ ಟೂ ಪ್ಲೇಟ್ಸ್, ದೆನ್ ಯೂ ಸೇ ಬ್ಯಾಡ್!"

ಹೇಳಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಮಾತ್ರ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹಾಗೆ ಉಸ್ಸಪ್ಪಾ ಎಂದು ಕೂತರು. "ಅಂತೂ ಬಂತಲ್ಲ ಮಾತು! ನಾಳೆ ಡಾಕ್ಟರ ಮುಂದೂ ಹೀಗೇ ಮಾತಾಡು."

"ಇಷ್ಟು ಜೋರು ಬೇಡ ತಂಗೀ," ಎಂದ ಡ್ರೈವರ್. "ಹಲ್ಲುನೋವಿನೋರು ಓಡಿಹೋಗ್ತಾರೆ."

ಮರುದಿನ ಸಂಜೆ ಅತ್ತೆ ಒಬ್ಬರೇ ಬಂದರು. ಗಾಬರಿಯಿಂದ ಕೇಳಿದೆ: "ಸೊಸೆ ಎಲ್ಲಿ?"

"ಇವತ್ತೇ ಕೆಲಸಕ್ಕೆ ಕೂರಿಸ್ಕೊಂಡ್ರು." ಮುಂದಿನ ಬೆಂಚಿಗೆ ಬಂದು ಕೂತರು. "ಟೀಚರಮ್ಮ, ನನಗೆ ಸ್ವಲ್ಪ ಬೇಗ ಕಲಿಸಿ. ನಿನ್ನೆ ರಾತ್ರಿಯಿಂದ ಇಂಗ್ಲಿಷಲ್ಲೇ ಎದುರು ಮಾತಾಡ್ತಾಳೆ, ನನಗೆ ಅರ್ಧ ಅರ್ಥನೇ ಆಗ್ತಿಲ್ಲ."