ನೂರ ಎಂಬತ್ತನೆಯ ದಿನ

ಮಧ್ಯಾಹ್ನ ಎರಡೂವರೆಗೆ ವರ್ಲೀನ್ ಕಡತ ಹಿಡಿದು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಅವಳು ಇಲ್ಲಿ ಮೂವತ್ತು ವರ್ಷದಿಂದ ತನಿಖಾಧಿಕಾರಿ. ಕೆಲಸದ ಜಾಗದ ಭೇದಭಾವದ ದೂರು ವಿಚಾರಿಸುವ ಈ ಸರ್ಕಾರಿ ಪ್ರಾಂತೀಯ ಕಚೇರಿಗೆ ನಾನು ಮುಖ್ಯಸ್ಥೆಯಾಗಿ ಏಳು ವಾರ.

“ಕೂತ್ಕೊಂಡೇ ಇದ್ದೀಯಲ್ಲ ಮಗಳೇ, ಒಳ್ಳೇದಾಯ್ತು,” ಎಂದಳು. “ಟ್ವೈಲಾ ಪಿಕೆಟ್ ದೂರಿನ ದಿನ ತಪ್ಪಾಗಿ ಎಣಿಸಿದ್ದೀವಿ.”

ಟ್ವೈಲಾ ಬಸುರಿಯೆಂದು ಕೋಳಿ ಕಾರ್ಖಾನೆಯವರು ಅವಳನ್ನು ಕೆಲಸದಿಂದ ತೆಗೆದಿದ್ದರು. ಅಲಬಾಮಾದಲ್ಲಿ ಇಂಥ ದೂರು ದಾಖಲಿಸಲು ನೂರ ಎಂಬತ್ತು ದಿನದ ಗಡುವು. ಅವಳು ಕೊನೆಯದಾಗಿ ದುಡಿದ ದಿನದಿಂದ ನಾವು ಎಣಿಸಿದ್ದೆವು. ಕಾನೂನು ಎಣಿಸುವುದು ‘ನಿನ್ನನ್ನು ತೆಗೆದಿದ್ದೇವೆ’ ಎಂದು ಹೇಳಿದ ದಿನದಿಂದ. ಅದು ಹದಿನೈದು ದಿನ ಮೊದಲೇ ಆಗಿತ್ತು. ಸಹಿಗೆ ಅವಳನ್ನು ಮುಂದಿನ ವಾರ ಕರೆದಿದ್ದೆವು. ಗಡುವು ಇವತ್ತು.

ದೂರಿನ ಕರಡು ಓದಿ ಸರಿಯಿದೆ ಎಂದು ಗುರುತು ಹಾಕಿದವಳು ನಾನೇ.

“ಫೋನು?”

“ಹನ್ನೊಂದು ಸಲ ಮಾಡ್ದೆ. ಈಗ ವೃದ್ಧಾಶ್ರಮದ ಬಟ್ಟೆ ಒಗೆಯೋ ಕೋಣೇಲಿ ಕೆಲಸ. ಫೋನು ಪೆಟ್ಟಿಗೇಲಿಟ್ಟು ಬೀಗ ಹಾಕಿಸ್ತಾರಂತೆ. ಪಾಳಿ ಮುಗಿಯೋ ಹೊತ್ತಿಗೆ ದಿನಾನೂ ಮುಗಿದಿರುತ್ತೆ.”

“ನಾನೇ ಹೋಗ್ತೀನಿ.”

“ಹೋಗು. ಯಾರು ಅಂತ ಹೇಳ್ಕೊಳ್ತೀಯ?”

ಅದೇ ಭಯ. ದೂರಿನ ಸುದ್ದಿ ಹೊರಗಿನವರ ಕಿವಿಗೆ ಬೀಳುವಂತಿಲ್ಲ. ನನ್ನ ಗುರುತಿನ ಚೀಟಿ ಕಂಡರೆ ಸಾಕು, ಹೊಸ ಜಾಗದಲ್ಲೂ ಅವಳು ‘ಕೇಸು ಹಾಕುವವಳು’ ಆಗುತ್ತಾಳೆ. ಐವತ್ತು ಮೈಲಿ ಓಡಿಸಿದೆ. ಚೀಟಿ ಕಾರಿನಲ್ಲೇ ಬಿಟ್ಟೆ.

ವೃದ್ಧಾಶ್ರಮದ ಮೇಲ್ವಿಚಾರಕಿ ಅರವತ್ತು ದಾಟಿದ ಹೆಂಗಸು. ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

“ಕೆಲಸದ ಹೊತ್ತಲ್ಲಿ ಯಾರನ್ನೂ ಕರೆಯಲ್ಲ. ಯಾರಾದ್ರೂ ಸತ್ರಾ?”

“ಇಲ್ಲ ಮೇಡಮ್. ಐದೇ ನಿಮಿಷ.”

“ನೀನ್ಯಾರ ಪೈಕಿ ತಾಯಿ?”

ಈ ಕಡೆ ಇದಕ್ಕೆ ಉತ್ತರವಿಲ್ಲದವರಿಗೆ ಬಾಗಿಲು ತೆರೆಯುವುದಿಲ್ಲ. ನನ್ನ ಕಡೆಯವರೆಲ್ಲ ಟೆಕ್ಸಾಸಿನಲ್ಲಿ. ಇಲ್ಲಿ ಹೇಳಲು ನನಗಿದ್ದದ್ದು ಒಂದೇ ಹೆಸರು. ಮಾರ್ಚ್‌ನಿಂದ ಅದನ್ನು ಬಾಯಲ್ಲಿ ಆಡಿರಲಿಲ್ಲ.

“ರೋಸ್ಕೋ ಗಿಲ್ಯಾರ್ಡ್ ಹೆಂಡತಿ.”

“ಅಯ್ಯೋ, ಆ ಉದ್ದನೆ ಹುಡುಗ! ಶಾಲೆ ಬ್ಯಾಂಡಲ್ಲಿ ಡೋಲು ಬಡಿದು ಊರನ್ನೇ ಕಿವುಡು ಮಾಡಿದ್ದ.” ದನಿ ಇಳಿಯಿತು. “ಮಣ್ಣಿಗೆ ಬಂದಿದ್ದೆ ಕಣಮ್ಮ. ನಿನ್ನ ಮುಖ ಗುರುತು ಹತ್ಲಿಲ್ಲ.”

ನನ್ನ ಕೈ ಹಿಡಿದುಕೊಂಡಳು. ಏನೂ ಅನ್ನಿಸಲಿಲ್ಲ. ಅವಳ ಹಿಂದಿದ್ದ ಗಡಿಯಾರ ನೋಡಿದೆ.

“ಹಿಂದಿನ ಬಾಗಿಲಿಗೆ ಹೋಗು. ಕಳಿಸ್ತೀನಿ.”

ಟ್ವೈಲಾ ಬಂದಳು, ಮೊಣಕೈವರೆಗೂ ಒದ್ದೆ. ತಪ್ಪು ನಮ್ಮದು ಎಂದು ಮೊದಲೇ ಹೇಳಿದೆ. ಅವಳು ದೂರಿನ ಕಾಗದವನ್ನು ಎರಡು ಸಲ ಓದಿದಳು.

“ನನ್ನ ತಮ್ಮ ಡಿವಿಟ್ ಇನ್ನೂ ಅಲ್ಲೇ ಕೋಳಿ ಕತ್ತರಿಸ್ತಾನೆ. ನನ್ನ ಮೇಲಿನ ಸಿಟ್ಟಿಗೆ ಅವನನ್ನ ತೆಗೆದ್ರೆ?”

“ಅದೂ ಕಾನೂನಿಗೆ ವಿರುದ್ಧ.”

“ನನ್ನನ್ನ ತೆಗೆದದ್ದೂ ವಿರುದ್ಧಾನೇ ಅಲ್ವಾ ಮೇಡಮ್? ತೆಗೆದ್ರಲ್ಲ.”

ಸಹಿ ಮಾಡು ಎಂದು ಒತ್ತಾಯಿಸುವ ಹಕ್ಕು ನನಗಿರಲಿಲ್ಲ. ಪೆನ್ನು ಹಿಡಿದು ನಿಂತೆ.

“ಮಾಡ್ದೆ ಇದ್ರೆ?”

“ನಾಳೆಯಿಂದ ನಾವು ಏನೂ ಮಾಡೋಕಾಗಲ್ಲ.”

ಅವಳು ಕೈಯನ್ನು ಅಂಗಿಗೆ ಒರೆಸಿಕೊಂಡು, ಕಾಗದವನ್ನು ಗೋಡೆಗೊತ್ತಿ ಸಹಿ ಮಾಡಿದಳು. ಫೋಟೋ ತೆಗೆದು ವರ್ಲೀನ್‌ಗೆ ಕಳಿಸಿದೆ. ದಾಖಲಾಯಿತು ಎಂದು ಅವಳಿಂದ ಉತ್ತರ ಬಂದಾಗ ಟ್ವೈಲಾಗೆ ತೋರಿಸಿದೆ.

“ಕಾರ್ಖಾನೆಗೆ ನೋಟೀಸು ಯಾವಾಗ ಹೋಗುತ್ತೆ?”

“ಹತ್ತು ದಿನದೊಳಗೆ.”

“ಹಾಗಾದ್ರೆ ನಡುವೆ ಒಂದು ಭಾನುವಾರ ಇದೆ. ಚರ್ಚಿಂದ ಬಂದು ಡಿವಿಟ್ ನಮ್ಮನೇಲೇ ಉಣ್ತಾನೆ,” ಎಂದಳು. “ಉಂಡಾದ್ಮೇಲೆ ಹೇಳ್ತೀನಿ.”

ಒಳಗೆ ಹೋಗಿ ಬಾಗಿಲೆಳೆದುಕೊಂಡಳು.