ಕೊನೇ ಪುಟದ ಪಾಪಯ್ಯ

ಬಿಟಿಎಂ ಲೇಔಟಿನಲ್ಲಿ ಆಗ ಒಂದು ವಾರಪತ್ರಿಕೆ ಬರುತ್ತಿತ್ತು, ಹೆಸರು 'ಬಡಾವಣೆ ಬಂಧು'. ದುಡ್ಡು ಕೊಟ್ಟು ಯಾರೂ ಕೊಳ್ಳುತ್ತಿರಲಿಲ್ಲ, ಯಾಕಂದರೆ ಅದು ಪುಕ್ಕಟೆ. ಶನಿವಾರ ಬೆಳಗ್ಗೆ ಅಲ್ಲೂ ಸುತ್ತಲ ಬಡಾವಣೆಗಳಲ್ಲೂ ಹಾಲಿನ ಪ್ಯಾಕೆಟ್ಟಿನ ಜೊತೆ ಗೇಟಿನೊಳಗೆ ಬಂದು ಬೀಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಯಾರದೋ ಮನೆಯ ಸಂಡಿಗೆ ಒಣಗುತ್ತಿತ್ತು. ಆದರೂ ಜನ ಓದುತ್ತಿದ್ದರು ಸ್ವಾಮಿ, ಓದುತ್ತಿರಲಿಲ್ಲ ಅಂತ ಮಾತ್ರ ಹೇಳಬೇಡಿ. ಯಾವ ಬೀದಿಗೆ ನೀರು ಬಂತು, ಯಾರ ಮನೆ ನಾಯಿ ಯಾರಿಗೆ ಕಚ್ಚಿತು, ಇದನ್ನೆಲ್ಲ ದೊಡ್ಡ ಪೇಪರಿನವರು ಬರೆಯುತ್ತಾರಾ?

ಬರೆಯುತ್ತಿದ್ದವಳು ಉಮಾಶ್ರೀ. ಜಮಖಂಡಿ ಕಡೆಯ ಹುಡುಗಿ. ಕಾರ್ಡಿನಲ್ಲಿ ವರದಿಗಾರ್ತಿ ಅಂತ ಇತ್ತು, ಆದರೆ ಜಾಹೀರಾತು ತರುವುದು, ಪುಟ ಕಟ್ಟುವುದು, ಫೋನ್ ಎತ್ತುವುದು ಎಲ್ಲ ಅವಳೇ. ಸಂಪಾದಕರು ವೆಂಕಟಾಚಲ, ರಿಟೈರಾದ ಮೇಷ್ಟ್ರು, ಜಯನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರದು ಒಂದೇ ಪಾಠ. "ಕಣ್ಣಾರೆ ಕಂಡಿದ್ದು ಬರಿ. ಕಾಣದೆ ಇದ್ರೆ ಯಾರು ಹೇಳಿದ್ರು ಅಂತ ಬರಿ. ನಿನ್ನ ತಲೇಲಿ ಹುಟ್ಟಿದ್ದು ಬೇಡ." ಉಮಾಶ್ರೀ ಆ ಮಾತು ಮೀರಿದವಳಲ್ಲ. ನಾಯಿ ಕಚ್ಚಿದೆ ಅಂದರೆ ಗಾಯ ನೋಡಿಯೇ ಬರೆಯುವಳು.

ಆ ಪತ್ರಿಕೆಯ ಕೊನೇ ಪುಟದ ಕೆಳಗಿನ ಮೂಲೆಯಲ್ಲಿ ವಾರವಾರವೂ ಒಂದೇ ಫೋಟೊ ಬರುತ್ತಿತ್ತು. ಕುರುಚಲು ಗಡ್ಡದ ಒಬ್ಬ ಮುದುಕ, ಗುಂಡಿ ಹಾಕಿದ ಬಿಳಿ ಶರ್ಟು, ಫೋಟೊದವನ ಮೇಲೆ ಸಿಟ್ಟು ಬಂದವನ ಹಾಗೆ ಮುಖ. ಮೇಲೆ 'ಕಾಣೆಯಾಗಿದ್ದಾರೆ', ಕೆಳಗೆ 'ಪಾಪಯ್ಯ, ಸುದ್ದಗುಂಟೆಪಾಳ್ಯ', ಅದರ ಕೆಳಗೆ ಪತ್ರಿಕೆಯ ಫೋನ್ ನಂಬರು. ಮೊದಲು ಮನೆಯ ಫೋನ್ ನಂಬರನ್ನೇ ಹಾಕಿದ್ದರು. ಆದರೆ ಯಾರೋ ಪೋಲಿಗಳು ಫೋನ್ ಮಾಡಿ 'ನಾನೇ ಪಾಪಯ್ಯ' ಅಂತ ಕೀಟಲೆ ಮಾಡಿದರು, ಮಗ ರವಿಕಿರಣ್ ರೇಗಿ ಬೇಡವೆಂದ. ಹಾಗಾಗಿ ಪಾಪಯ್ಯನ ಸುದ್ದಿಯೆಲ್ಲ ಉಮಾಶ್ರೀಯ ಕಿವಿಗೇ ಬರುತ್ತಿತ್ತು.

ಪಾಪಯ್ಯ ಅವಳ ಮನೆ ಓನರು. ಓನರು ಅನ್ನುವುದಕ್ಕಿಂತ ಓನರಮ್ಮನ ಗಂಡ, ಯಾಕಂದರೆ ಅವಳು ಮಹಡಿಯ ರೂಮಿಗೆ ಬರುವ ಹೊತ್ತಿಗೆ ಆತ ಮನೆ ಬಿಟ್ಟು ಬಹಳ ದಿನವಾಗಿತ್ತು. ಹಿಂದೆ ಅಲ್ಲೆಲ್ಲ ಅವರದೇ ಹೊಲ, ರಾಗಿ ಬೆಳೆಯುತ್ತಿದ್ದರು. ಲೇಔಟಿಗೆ ಹೊಲ ಹೋಯಿತು, ಸೈಟು ಬಂತು, ಸೈಟಿನ ಮೇಲೆ ಬಾಡಿಗೆ ಮನೆ ಎದ್ದವು. ಪಾಪಯ್ಯ ಮಾತ್ರ ಊಟವಾದ ಮೇಲೆ 'ಹೊಲ ನೋಡ್ಕೊಂಡ್ ಬರ್ತೀನಿ' ಅಂತ ಹೊರಡುವುದು ಬಿಡಲಿಲ್ಲ. ದಿನ ಹೋದಂತೆ ದಾರಿ ತಪ್ಪತೊಡಗಿತು. ಆತನಿಗೆ ಗೊತ್ತಿದ್ದದ್ದು ಹುಣಸೆಮರ, ಕೆರೆ ಏರಿ, ಮುನೇಶ್ವರನ ಕಲ್ಲು. ಜನ ಹೇಳುತ್ತಿದ್ದದ್ದು 'ವಾಟರ್ ಟ್ಯಾಂಕ್ ದಾಟಿ ಬೇಕರಿ ಹತ್ರ ಲೆಫ್ಟ್ ತಗೊಳ್ಳಿ' ಅಂತ. ಒಂದು ದಿನ ಹೀಗೇ ಹೊರಟವನು ವಾಪಸು ಬರಲಿಲ್ಲ. ತನ್ನ ಹೊಲದಲ್ಲೇ ಕಳೆದುಹೋದ ಮನುಷ್ಯ, ಏನು ಹೇಳೋಣ!

ಹೆಂಡತಿ ಬೈರಮ್ಮ ಅಂದಿನಿಂದ ಕಾಸಗಲ ಕುಂಕುಮ ಇಡುತ್ತಿದ್ದಳು, ಮೊದಲಿಗಿಂತ ದೊಡ್ಡದು. ಗಂಡನ ಹೆಸರು ಮಾತ್ರ ಬಾಯಲ್ಲಿ ಹೇಳುವವಳಲ್ಲ. ಪ್ರಕಟಣೆ ಬರೆಸುವಾಗ ಉಮಾಶ್ರೀ "ಹೆಸರೇನ್ರೀ ಅಮ್ಮಾ" ಅಂದರೆ ಬಾಯಿಗೆ ಸೆರಗು ಹಿಡಿದು, "ರೇಷನ್ ಕಾರ್ಡಲ್ಲಿದೆ ನೋಡ್ಕೊಳವ್ವ" ಅಂದಿದ್ದಳು.

ಆಗಾಗ ಫೋನ್ ಬರುತ್ತಿತ್ತು. ಬನಶಂಕರಿ ಬಸ್‌ಸ್ಟಾಪಲ್ಲಿ ಕಂಡರು, ಜೇಪಿ ನಗರದ ದೇವಸ್ಥಾನದ ಹತ್ತಿರ ಕಂಡರು ಅಂತ. ಉಮಾಶ್ರೀ ಬಸ್ಸು ಹತ್ತಿ ಹೋಗಿ ನೋಡಿದರೆ ಬೇರೆ ಯಾರೋ ಮುದುಕ, ಪಾಪ. ಬಂದು ಹೇಳಿದರೆ ಬೈರಮ್ಮ, "ಅವರಲ್ವಾ? ಹೋಗ್ಲಿ ಬಿಡು, ಆ ಯಪ್ಪಂಗೆ ಏನಾದ್ರೂ ತಿನ್ನಕ್ ಕೊಟ್ಯಾ?" ಅನ್ನುತ್ತಿದ್ದಳು. ಆ ಫೋನುಗಳಿಂದಲೇ ಆ ಹೆಂಗಸು ಜೀವ ಹಿಡಿದುಕೊಂಡಿದ್ದದ್ದು.

ತೊಂಬತ್ತೊಂಬತ್ತರ ಪಿತೃಪಕ್ಷ ಬಂತು. ಸತ್ತ ಹಿರಿಯರಿಗೆ ಅಮಾವಾಸ್ಯೆಯ ದಿನ ಎಡೆ ಇಡಬೇಕು. ರವಿಕಿರಣ್ ಪಟ್ಟು ಹಿಡಿದ. "ಅಮ್ಮಾ, ಈ ಸಲ ಅಪ್ಪನಿಗೂ ಇಟ್ಬಿಡು. ಹಸ್ಕೊಂಡ್ ತಿರುಗ್ತಿದ್ರೆ ನಮಗೇ ಒಳ್ಳೇದಲ್ಲ."

ಬೈರಮ್ಮ ಮೈಮೇಲೆ ಬಂದವಳ ಹಾಗೆ ಎದ್ದಳು. "ನಾಲಿಗೆ ಬಿದ್ದೋಗ! ಬದುಕಿರೋರ್ಗೆ ಎಡೆ ಇಟ್ರೆ ನಾನೇ ಕೊಂದಂಗಲ್ವೇನೋ?"

"ಸತ್ತಿದ್ರೆ?"

ಇಟ್ಟರೆ ಬದುಕಿರುವ ಗಂಡನನ್ನು ಕೈಯಾರೆ ಸಾಯಿಸಿದ ಹಾಗೆ, ಇಡದಿದ್ದರೆ ಸತ್ತ ಗಂಡನನ್ನು ಉಪವಾಸ ಕೆಡವಿದ ಹಾಗೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಉಪಾಯ ಹೂಡಿದಳು. ಎಡೆ ಅತ್ತೆಮಾವನ ಹೆಸರಿಗೆ, ಅಡುಗೆ ಮಾತ್ರ ಗಂಡನಿಗೆ ಇಷ್ಟವಾದದ್ದು: ಮುದ್ದೆ, ಹುರುಳಿಕಾಳು ಬಸ್ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಮಾವನಿಗೆ ಅಂತ ಒಂದು ಹೊಸ ಟವಲ್ಲು, ನೇರಳೆ ಬಣ್ಣದ್ದು, ಮಡಿಕೆ ಬಿಚ್ಚದೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದು. "ಯಾರು ತಿನ್ಬೇಕೋ ಅವರು ತಿಂದ್ಕೋತಾರೆ," ಅಂತ ಉಮಾಶ್ರೀಯ ಕಿವಿಯಲ್ಲಿ ಹೇಳಿದಳು. ಯಾರನ್ನು ಮೋಸ ಮಾಡುತ್ತಿದ್ದಳೋ ಆ ದೇವರಿಗೇ ಗೊತ್ತು.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಹಿರಿಯರು ಬಂದು ಉಂಡು ಹೋಗಲಿ ಅಂತ. ನಿಂತರು. ನಡುಮಧ್ಯಾಹ್ನ, ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು. ಒಳಗೆ ಏನೂ ಸದ್ದಿರಲಿಲ್ಲ. ರವಿಕಿರಣ್ ಬಾಗಿಲು ತಟ್ಟಿ, ಕೆಮ್ಮಿ, ತೆಗೆದ. ಎಲ್ಲ ಇಟ್ಟ ಹಾಗೇ ಇತ್ತು.

ಊಟಕ್ಕೆ ಕೂತರೆ ಬಸ್ಸಾರಿಗೆ ಉಪ್ಪೇ ಇಲ್ಲ! ಎಡೆಯ ಅಡುಗೆಯನ್ನು ಮೊದಲು ರುಚಿ ನೋಡುವ ಹಾಗಿಲ್ಲವಲ್ಲ, ಬೈರಮ್ಮ ಕಣ್ಣೊರೆಸಿಕೊಳ್ಳುವ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದಳು. ಎಲ್ಲರೂ ನಕ್ಕು, ಉಪ್ಪಿನ ಡಬ್ಬ ಕೈಯಿಂದ ಕೈಗೆ ದಾಟಿಸಿಕೊಂಡು ಉಂಡರು. ಎಡೆಗಿಟ್ಟ ಟವಲ್ಲನ್ನು ಆಮೇಲೆ ಮಗ ಹೊದೆಯಬೇಕು. ಪ್ಯಾಂಟು ಹಾಕುವ ರವಿಕಿರಣ್‌ಗೆ ಅದ್ಯಾತಕ್ಕೆ? ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟರು.

ಮುಂದಿನ ವಾರ ಪತ್ರಿಕೆ ಬಂದ ಮೇಲೆ ಗಿರಿನಗರದಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. "ಮೇಡಂ, ನಿಮ್ಮ ಪೇಪರಲ್ಲಿ ಫೋಟೊ ಹಾಕ್ತೀರಲ್ಲ, ಆ ಅಜ್ಜ ನಮ್ಮ ಗೇಟ್ ಮುಂದೆ ನಿಂತಿದ್ರು. ಸುದ್ದಗುಂಟೆಪಾಳ್ಯದ ಕೆರೆ ಏರಿ ಎಲ್ಲಿ ಅಂತ ಕೇಳಿದ್ರು. ಇಲ್ಲೆಲ್ಲಿ ಕೆರೆ ಏರಿ ಅಂದೆ, ಹೊರಟೋದ್ರು."

"ಹ್ಯಾಂಗಿದ್ರು? ಏನು ಹಾಕ್ಕೊಂಡಿದ್ರು?" ಉಮಾಶ್ರೀ ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಬಟ್ಟೆಯೆಲ್ಲ ಹಳೇದು. ಹೆಗಲ ಮೇಲೆ ಮಾತ್ರ ಹೊಸಾ ಟವಲ್ಲು, ನೇರಳೆ ಕಲರ್ದು. ಮೂಲೇಲಿ ಅರಿಶಿನ ಬೇರೆ ಹಚ್ಚಿತ್ತು, ಅದಕ್ಕೇ ನೆನಪಿದೆ."

ಉಮಾಶ್ರೀ ಥ್ಯಾಂಕ್ಸ್ ಹೇಳಲಿಲ್ಲ, ಫೋನಿಟ್ಟಳು. ಫೋಟೊದಲ್ಲಿ ಟವಲ್ಲೇ ಇಲ್ಲ. ಮನೆಗೆ ಓಡಿದಳು. ಬೈರಮ್ಮ ಗಿರಣಿಗೆ ಹೋಗಿದ್ದಳು. ರವಿಕಿರಣನ ಹೆಂಡತಿ ರಮ್ಯಳಿಗೆ ಏನೋ ನೆಪ ಹೇಳಿ ಬೀರು ತೆಗೆಸಿದಳು. ಟವಲ್ಲು ಅಲ್ಲೇ ಇತ್ತು, ಮಡಿಕೆ ಬಿಚ್ಚಿರಲಿಲ್ಲ, ಮೂಲೆಯ ಅರಿಶಿನ ಒಣಗಿತ್ತು. ಬೀರು ತಾನೇ ಮುಚ್ಚಿದಳು. ಗಿರಿನಗರಕ್ಕೆ ಹೋಗಿ ನೋಡುವ ಧೈರ್ಯ ಬರಲಿಲ್ಲ. ಹೋಗಿ ಕಂಡರೆ ಏನು ಮಾಡುವುದು?

ಬೈರಮ್ಮನಿಗೆ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಎಡೆ ಸೇರಿದೆ ಅಂದರೆ ಮನುಷ್ಯ ಇಲ್ಲ ಅಂತ. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಆ ದೊಡ್ಡ ಕುಂಕುಮ ನೋಡಲಾರದೆ ಮುಖ ತಿರುಗಿಸಿಕೊಂಡು ಹೋದಳು. ರಸ್ತೆಯಲ್ಲಿ ಹಿಂದಿನಿಂದ ಯಾವ ಮುದುಕ ದಾರಿ ಕೇಳಿದರೂ ಬೆಚ್ಚಿಬೀಳುತ್ತಿದ್ದಳು.

"ಫೋನ್ ಬರ್ಲಿಲ್ವಾ?" ಬೈರಮ್ಮ ಕೇಳಿದಳು.

"ಇಲ್ರೀ ಅಮ್ಮಾ."

"ಸುಳ್ ಹೇಳಕ್ ಬರಲ್ಲ ನಿಂಗೆ," ಅಂದಳು ಬೈರಮ್ಮ. ಮಾರನೇ ದಿನ ತಾನೇ ಆಫೀಸಿಗೆ ಬಂದು, ಫೋನಿನ ಪಕ್ಕದ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ವೆಂಕಟಾಚಲ ಮೇಷ್ಟ್ರು ಟೀ ತರಿಸಿಕೊಟ್ಟರು. ದಿನಾ ಬಂದಳು. ಎದ್ದು ಹೋಗಿ ಅನ್ನುವ ಎದೆ ಯಾರಿಗಿತ್ತು?

ಒಂದು ದಿನ ಫೋನು ಬಂದಾಗ ಉಮಾಶ್ರೀ ಒಳಗೆ ಪುಟ ಕಟ್ಟುತ್ತಿದ್ದಳು. ಓಡಿ ಬರುವಷ್ಟರಲ್ಲಿ ಬೈರಮ್ಮ ಎತ್ತಿಯಾಗಿತ್ತು. ಆ ಕಡೆಯವನದು ದೊಡ್ಡ ಗಂಟಲು, ಹೊರಗಿನವರಿಗೂ ಕೇಳುತ್ತಿತ್ತು. ವಸಂತಪುರದಿಂದ, ಕರೆಪ್ಪ ಅಂತ, ಟೀ ಅಂಗಡಿ ಇಟ್ಟವನು.

"ಅಕ್ಕಾ, ನಿಮ್ಮ ಪೇಪರಿನ ಯಜಮಾನ್ರು ನಮ್ಮ ಅಂಗಡೀಗ್ ಬಂದಿದ್ರು. ಪಾಪ, ಸುಸ್ತಾಗಿದ್ರು. ಒಂದ್ ಟೀ ಬನ್ನು ತಗೊಳ್ಳಿ, ಕಾಸ್ ಬೇಡ ಅಂದೆ. ಬೇಡ ಕಣಪ್ಪಾ, ಮನೇಲಿ ಊಟ ಆಯ್ತು ಅಂದ್ರು. ಏನ್ ಊಟ ಅಂದೆ, ಸುಮ್ನೆ ತಮಾಷೆಗೆ. ಹುರುಳಿ ಬಸ್ಸಾರು, ಉಪ್ಪೇ ಹಾಕಿರ್ಲಿಲ್ಲ ಅಂದ್ರು ನೋಡಿ!" ಕರೆಪ್ಪ ಗಹಗಹಿಸಿ ನಕ್ಕ.

ಬೈರಮ್ಮ ನಗಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಕೋಪ ಮಾಡ್ಕೊಂಡಿದ್ರಾಪ್ಪಾ?" ಅಂತ ಕೇಳಿದಳು.

"ಇಲ್ಲಕ್ಕಾ. ಕೊಂಕು ತೆಗೀತಾ ಇದ್ರು, ಅಷ್ಟೇ."

ಅವಳು ಮೆಲ್ಲಗೆ ಫೋನಿಟ್ಟಳು. ಉಮಾಶ್ರೀ ಕಾಲ ಬಳಿ ಕೂತು ಅವಳ ಮೊಣಕಾಲು ಹಿಡಿದುಕೊಂಡಳು. ಬೈರಮ್ಮ ಅಂದಳು, "ಈ ವಾರ ಕಾಣೆಯಾಗಿದಾರೆ ಅನ್ನೋ ಮಾತು ತೆಗೆದ್ಬಿಡವ್ವ. ಫೋಟೊ ಅದೇ ಇರ್ಲಿ. ಮೇಲೆ ಶ್ರದ್ಧಾಂಜಲಿ ಅಂತ ಹಾಕು."

ಅಷ್ಟು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮೇಷ್ಟ್ರ ಎದುರಿಗೇ ಗೋಳೋ ಅಂತ ಅತ್ತಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ತೀರಿಕೊಂಡ ದಿನ ಯಾವುದು, ಯಾರು ಕಂಡರು, ಅಂತ ಅವರು ಆವತ್ತು ಕೇಳಲಿಲ್ಲ.

ದೀಪಾವಳಿಯ ಅಮಾವಾಸ್ಯೆಗೆ ಬೈರಮ್ಮ ಮತ್ತೆ ಎಡೆ ಇಟ್ಟಳು. ಅದೇ ಮುದ್ದೆ, ಅದೇ ಬಸ್ಸಾರು. ಈ ಸಲ ಉಪ್ಪನ್ನು ಅಂಗೈಯಲ್ಲಿ ಹಿಡಿದು, ಎಲ್ಲರಿಗೂ ತೋರಿಸಿ, ಹಾಕಿದಳು. ಹೊಸ ಟವಲ್ಲು ಕೊಳ್ಳಲಿಲ್ಲ, ಒಂದು ಕೊಟ್ಟಾಗಿದೆಯಲ್ಲ ಅಂದಳು. ಬೀದಿಯಲ್ಲಿ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಬಾಗಿಲು ಮುಚ್ಚುವ ಮೊದಲು ಎಲೆಯ ಮುಂದೆ ನಿಂತು, ಮದುವೆಯಾದಾಗಿನಿಂದ ಒಮ್ಮೆಯೂ ಆಡದ ಹೆಸರನ್ನು ಆಡಿದಳು. "ಪಾಪಯ್ಯಾ, ಬಾ. ದಾರಿ ಯಾರನ್ನೂ ಕೇಳ್ಬೇಡ, ಸೀದಾ ಬಾ. ಉಂಡ್ಕೊಂಡ್ ಹೋಗು." ಮಗ ರವಿಕಿರಣ್ ಗೋಡೆಗೆ ಹಣೆ ಒತ್ತಿಕೊಂಡು ಅತ್ತ.

ಅಲ್ಲಿಗೆ ಫೋನು ನಿಂತಿತು. ಶ್ರದ್ಧಾಂಜಲಿ ಆಗಲೇ ಅಚ್ಚಾಗಿತ್ತು, ಅದರ ಮೇಲೂ ಸಂಡಿಗೆ ಒಣಗಿತ್ತು, ಕೊನೇ ಪುಟದ ಮೂಲೆಗೆ ಟ್ಯೂಷನ್ ಜಾಹೀರಾತು ಬಂತು. ಗಿರಿನಗರ, ವಸಂತಪುರ, ಬನಶಂಕರಿ, ಎಲ್ಲಿಂದಲೂ ಯಾರೂ ಪಾಪಯ್ಯನ ಸುದ್ದಿ ಎತ್ತಲಿಲ್ಲ. ದೆವ್ವದ ಕಾಟ ತಪ್ಪಿತು ಅಂತ ಉಮಾಶ್ರೀ ನೆಮ್ಮದಿಯಾಗಿರಬೇಕಿತ್ತು. ಆದರೆ ಫೋನ್ ರಿಂಗಾದಾಗಲೆಲ್ಲ ಅವಳು ಆಸೆಯಿಂದ ಓಡುತ್ತಿದ್ದಳು, ಯಾರೋ ಬಡ್ಡಿಮಗ ಬೋರ್‌ವೆಲ್ ಜಾಹೀರಾತಿಗೆ ರೇಟು ಕೇಳುತ್ತಿದ್ದ.

ಬೈರಮ್ಮ ಒಂದು ಶನಿವಾರ ಮಧ್ಯಾಹ್ನ ಆಫೀಸಿಗೆ ಬಂದಳು. ಹಣೆ ಬರಿದಾಗಿತ್ತು. ಅದೇ ಕುರ್ಚಿಯ ಹತ್ತಿರ ನಿಂತು ಕೇಳಿದಳು, "ಏನಾದ್ರೂ ಫೋನ್ ಬಂತೇನವ್ವ?"

"ಯಾವುದರೀ ಅಮ್ಮಾ?"

"ಅದೇ ಕಣವ್ವ." ಅವಳಿಗೆ ನಾಚಿಕೆಯಾಯಿತು. "ಉಪ್ಪು ಸರಿಹೋಯ್ತೋ ಇಲ್ವೋ ಅಂತ. ಯಾರ್ ಹತ್ರನಾದ್ರೂ ಹೇಳಿರ್ತಾರಲ್ಲ. ಬಾಯಿ ಸುಮ್ನಿರಲ್ಲ ಅವರ್ದು."

ಉಮಾಶ್ರೀ ಒಳಗಿನ ಕೋಣೆಯ ಕಡೆ ನೋಡಿದಳು. ಮೇಷ್ಟ್ರು ಪ್ರೂಫ್ ತಿದ್ದುತ್ತಿದ್ದರು. ಕಣ್ಣಾರೆ ಕಂಡಿರಲಿಲ್ಲ, ಯಾರೂ ಹೇಳಿರಲಿಲ್ಲ. "ಬಂದಿತ್ರೀ ಅಮ್ಮಾ," ಅಂದಳು. "ನಿನ್ನೆ, ಜೇಪಿ ನಗರದಿಂದ. ನೇರಳೆ ಟವಲ್ ಹಾಕ್ಕೊಂಡಿದ್ರಂತ. ಮನ್ಯಾಗ ಊಟ ಮಾಡಿ ಬಂದೆ, ಸಾರು ಭಾಳ ರುಚಿ ಇತ್ತು ಅಂದ್ರಂತ."

ಒಳಗೆ ಮೇಷ್ಟ್ರ ಪೆನ್ನು ನಿಂತಿತು. ಮತ್ತೆ ಓಡಿತು.

ಬೈರಮ್ಮನ ಮುಖ ಅರಳಿತು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು. ತುಟಿಯಲ್ಲಿ ನಗು ಬಂತು, ಕಣ್ಣಲ್ಲಿ ನೀರು ಬಂತು. "ಹೋಗವ್ವ," ಅಂದಳು. "ಮದುವೆಯಾದ್ ದಿನದಿಂದ ಒಂದಿನಾನೂ ರುಚಿಯಾಗಿದೆ ಅಂದ ಗಂಡಸಲ್ಲ ಅದು."

ಉಮಾಶ್ರೀ ತಲೆ ತಗ್ಗಿಸಿದಳು. ಬೈರಮ್ಮ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತಳು.

"ಆದ್ರೂ ಇನ್ನೊಂದ್ಸಲ ಹೇಳು," ಅಂದಳು. "ಏನಂದ್ರಂತೆ?"