ಕಂಡಕ್ಟರಮ್ಮ ಕ್ಲಿನಿಕ್ಕಿಗೆ ಹೋದದ್ದು

ಕಾಂಡೋಮ್ ಹರಿದ ಮಾರನೆಯ ಬೆಳಿಗ್ಗೆ, ಡ್ಯೂಟಿಗೆ ಹೊರಡುವ ಮೊದಲೇ ಕಂಡಕ್ಟರಮ್ಮ ಔಷಧಿ ಅಂಗಡಿಗೆ ಹೋದಳು. ತುಂಬಿದ ಬಸ್ಸಿನಲ್ಲಿ ಗಂಡಸರನ್ನೆಲ್ಲ ಹಿಂದಕ್ಕೆ ಸರಿಸಿ ಟಿಕೆಟ್ ಹರಿಯುವ ಹೆಂಗಸು ಅವಳು. ಅಂಗಡಿಯಲ್ಲಿ ಮಾತ್ರ ಮೆಲ್ಲಗೆ ಕೇಳಿದಳು: "ತುರ್ತು ಮಾತ್ರೆ ಕೊಡಿ. ಬಸಿರು ನಿಲ್ಲದ ಹಾಗೆ ತಗೊಳ್ತಾರಲ್ಲ, ಅದು."

ಅಂಗಡಿಯವನು ಪಕ್ಕದ ಗಿರಾಕಿಗಳ ಮುಖ ನೋಡಿ ನಕ್ಕ. "ಸಂಸಾರಸ್ಥರು ಕೇಳೋ ಮಾತ್ರೆ ಅಲ್ಲಮ್ಮ ಇದು. ಗಂಡನ್ನ ಕಳಿಸು, ನೋಡೋಣ."

ಅವಳು ಹೊರಟುಬಂದಳು. ಇನ್ನೊಂದು ಅಂಗಡಿಗೆ ಹೋಗಬಹುದಿತ್ತು, ನಾಚಿಕೆ ಬಿಡಲಿಲ್ಲ. ಆ ತಿಂಗಳು ಮುಟ್ಟು ತಪ್ಪಿತು. ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ.

ಮನೆಯಲ್ಲಿ ಆಗಲೇ ಇಬ್ಬರು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ಅವಳು ಸತ್ತು ಬದುಕಿದ್ದಳು. ಮೂರನೆಯದು ಬೇಡ, ತೆಗೆಸುತ್ತೇನೆ ಎಂದಳು. ವೆಲ್ಡಿಂಗ್ ಕೆಲಸದ ಗಂಡನಿಗೆ ಮಾತು ಕಡಿಮೆ. "ಮೈ ನಿಂದು. ನೀನು ಹೇಳಿದ ಹಾಗೆ ಆಗ್ಲಿ," ಎಂದ. ಒಪ್ಪದವಳು ಅತ್ತೆ.

"ತೆಗೆಸಬೇಡ ಕಣೆ. ಆಮೇಲೆ ಬಸಿರೇ ನಿಲ್ಲಲ್ಲ."

"ನಿಲ್ಲಲಿ ಅಂತ ಕೇಳಿದೋರು ಯಾರು ಅತ್ತೆ?"

"ತಮಾಷೆ ಅಲ್ಲ. ಹೋದೋಳು ಹೆಣವಾಗಿ ಬರ್ತಾಳೆ."

"ಇನ್ನೊಂದು ಹೆರಿಗೆಗೆ ಹೋದ್ರೂ ಹಾಗೇ ಬರಬಹುದು. ನಾನಂತೂ ಹೋಗೋದೇ. ಬಂದ್ರೆ ಜೊತೆಗೆ ಬನ್ನಿ, ಇಲ್ಲಾಂದ್ರೆ ಮಕ್ಕಳನ್ನ ನೋಡ್ಕೊಳ್ಳಿ."

ಅತ್ತೆ ಗೊಣಗುತ್ತಲೇ ಮಕ್ಕಳನ್ನು ಮಗನಿಗೆ ಒಪ್ಪಿಸಿ ಚಪ್ಪಲಿ ಮೆಟ್ಟಿದಳು.

ಮಹಿಳಾ ಆರೋಗ್ಯ ಕ್ಲಿನಿಕ್ ಎಂದರೆ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮೂರು ಕೋಣೆ. ದಪ್ಪ ಕನ್ನಡಕದ ನರ್ಸ್ ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದಳು. "ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ಅತ್ತೆ ಇರಬೇಕಾ ಬೇಡ್ವಾ, ನೀವೇ ಹೇಳಿ."

"ಇರಲಿ. ನನಗಿಂತ ಅವರಿಗೇ ಭಯ ಜಾಸ್ತಿ."

"ಸರಿ. ಮುಂದುವರಿಸ್ತೀನಿ ಅಂದ್ರೂ ನಾವು ನೋಡ್ಕೋತೀವಿ. ಬೇಡ ಅಂದ್ರೆ, ಇನ್ನೂ ಶುರುವಿನ ವಾರಗಳು, ಮಾತ್ರೆಯಲ್ಲೇ ಆಗುತ್ತೆ. ದಿನ ಮುಂದಕ್ಕೆ ಹೋಗಿದ್ರೆ ಡಾಕ್ಟರ್ ಸಣ್ಣ ನಳಿಗೆಯಿಂದ ತೆಗೀತಾರೆ."

"ಗಂಡನ ಸಹಿ ಬೇಡ್ವಾ?" ಅತ್ತೆ ನಡುವೆ ಬಾಯಿ ಹಾಕಿದಳು.

"ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆಯೇ ಸಾಕಮ್ಮ."

ಆಗ ಅತ್ತೆಯ ಬಾಯಿಂದ ಸೊಸೆ ಎಂದೂ ಕೇಳಿರದ ಮಾತು ಹೊರಗೆ ಬಂತು. "ನನ್ನ ತಂಗಿ ಹೀಗೇ ಹೋದ್ಲು, ಕೈಯಲ್ಲೊಂದು ಕೂಸಿಟ್ಕೊಂಡು ತೌರಲ್ಲಿದ್ದಾಗ. ಯಾರೋ ಹೆಂಗಸು ಬಸಿರು ತೆಗೀತೀನಿ ಅಂತ ಹಿಂದಿನ ಕೋಣೇಲಿ ಕಡ್ಡಿ ಹಾಕಿದ್ಲು. ಜ್ವರ ನೆತ್ತಿಗೇರಿತು. ಜನ ಏನಂತಾರೋ ಅಂತ ನಮ್ಮಪ್ಪ ಆಸ್ಪತ್ರೆಗೆ ಸೇರಿಸಲಿಲ್ಲ. ಮರ್ಯಾದೆ ಉಳೀತು, ಹುಡುಗಿ ಉಳೀಲಿಲ್ಲ."

ನರ್ಸ್ ಕನ್ನಡಕ ತೆಗೆದಿಟ್ಟಳು. "ಅಮ್ಮ, ಅವರ ಜೀವ ತೆಗೆದದ್ದು ಆ ಕೊಳಕು ಕಡ್ಡಿ, ಆಮೇಲೆ ಮುಚ್ಚಿಟ್ಟದ್ದು. ಕಲಿತೋರ ಕೈಯಲ್ಲಿ, ಬೇಗ ಮಾಡಿಸಿದ್ರೆ ಅಪಾಯ ತೀರಾ ಕಡಿಮೆ. ಮುಂದೆ ಬಸಿರು ನಿಲ್ಲೋದಕ್ಕೂ ಅಡ್ಡಿ ಇಲ್ಲ."

ಅತ್ತೆ ಸೊಸೆಯ ಮೊಣಕೈ ಹಿಡಿದುಕೊಂಡಳು. ಬಿಡಲಿಲ್ಲ.

ಕಂಡಕ್ಟರಮ್ಮ ಬೇಡವೆಂದೇ ಹೇಳಿ ಸಹಿ ಹಾಕಿದಳು. ಡಾಕ್ಟರ್ ಪರೀಕ್ಷಿಸಿ ಮೊದಲ ಮಾತ್ರೆ ಅಲ್ಲಿಯೇ ನುಂಗಿಸಿದರು. ಉಳಿದವನ್ನು ಹೇಳಿದ ಹೊತ್ತಿಗೆ ಮನೆಯಲ್ಲಿ ತೆಗೆದುಕೊಂಡಳು. ಕಿಬ್ಬೊಟ್ಟೆ ಹಿಂಡಿತು, ಮುಟ್ಟಿಗಿಂತ ಜೋರಾಗಿ ರಕ್ತ ಹೋಯಿತು. ಅತ್ತೆ ಬಿಸಿನೀರಿನ ಚೀಲ ಒತ್ತುತ್ತಾ ನರ್ಸ್ ಹೇಳಿದ್ದನ್ನು ಮಗನಿಗೆ ಒಪ್ಪಿಸಿದಳು: "ಗಂಟೆಗೆ ಎರಡು ಪ್ಯಾಡ್ ನೆನೆದು, ಎರಡು ಗಂಟೆ ಹಾಗೇ ಹೋದ್ರೆ, ಜ್ವರ ನಿಲ್ಲದಿದ್ರೆ, ಕೆಟ್ಟ ವಾಸನೆ ಬಂದ್ರೆ, ತಕ್ಷಣ ಆಸ್ಪತ್ರೆಗೆ ಗಾಡಿ ತೆಗೀಬೇಕು. ಯಾರು ನೋಡ್ತಾರೆ ಅನ್ನೋ ಮಾತೇ ಇಲ್ಲ." ಅಂಥದ್ದೇನೂ ಆಗಲಿಲ್ಲ.

ಮರುತಪಾಸಣೆಗೆ ಹೋದಾಗ ಎಲ್ಲ ಸರಿಯಾಗಿತ್ತು. ಅಂಗಡಿಯವನ ಸುದ್ದಿ ಕೇಳಿ ನರ್ಸ್‌ಗೆ ಸಿಟ್ಟು ಬಂತು. "ಅವನು ಕೊಡದಿದ್ರೆ ನೇರ ಇಲ್ಲಿಗೆ ಬರಬೇಕಿತ್ತು. ತುರ್ತು ಮಾತ್ರೆ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು, ಮೂರು ದಿನದ ಒಳಗಂತೂ ತಗೊಳ್ಳಲೇಬೇಕು. ತಡವಾಯ್ತಾ? ಐದು ದಿನದ ಒಳಗೆ ಕಾಪರ್-ಟಿ ಹಾಕಿಸಿಕೊಂಡ್ರೂ ಬಸಿರು ನಿಲ್ಲಲ್ಲ, ವರ್ಷಗಟ್ಟಲೆ ಅದೇ ಕಾಯುತ್ತೆ. ತುರ್ತು ಮಾತ್ರೆ ಬಸಿರಾಗದ ಹಾಗೆ ತಡೆಯುತ್ತೆ ಅಷ್ಟೇ, ಆದ ಬಸಿರನ್ನ ತೆಗೆಯಲ್ಲ."

ಕಂಡಕ್ಟರಮ್ಮ ಅಂದೇ ಕಾಪರ್-ಟಿ ಹಾಕಿಸಿಕೊಂಡಳು.

ಸುದ್ದಿಗೆ ಕಾಲು ಬಂದಿತ್ತು. ಎದುರುಮನೆಯವಳು ಒಂದು ಸಂಜೆ ಬಂದು ರಾಗ ಎಳೆದಳು. "ಏನೇನೋ ಕೇಳ್ದೆ. ಪಾಪ ಅಲ್ವಾ ಅದು?"

"ತೆಗೆಸಿದೆ," ಎಂದಳು ಕಂಡಕ್ಟರಮ್ಮ. "ಯೋಚನೆ ಮಾಡಿಯೇ ತೆಗೆಸಿದೆ. ಕದ್ದುಮುಚ್ಚಿ ಅಲ್ಲ."

ಅತ್ತೆ ಒಳಗಿನಿಂದ ಬಂದು ಸೊಸೆಯ ಪಕ್ಕ ನಿಂತಳು. "ನನ್ನ ತಂಗಿ ಸತ್ತಾಗ ಅವಳ ಕೂಸನ್ನ ಸಾಕಿದ್ದು ನಾನು. ಪಾಪ ಪುಣ್ಯ ಅಂದೋರು ಯಾರೂ ಒಂದು ತುತ್ತು ಹಾಕಲಿಲ್ಲ. ನನ್ನ ಸೊಸೆ ಬದುಕಿದಾಳೆ, ನಾಳೆ ಕೆಲಸಕ್ಕೆ ಹೋಗ್ತಾಳೆ. ಇನ್ನೇನಾದ್ರೂ ಕೇಳೋದಿದೆಯಾ?"

ಎದುರುಮನೆಯವಳು ಎದ್ದು ಬಾಗಿಲ ತನಕ ಹೋಗಿ ನಿಂತಳು. ದನಿ ತಗ್ಗಿಸಿ, "ನನ್ನ ಮಗಳಿಗೆ... ಆ ಕ್ಲಿನಿಕ್ಕು ಎಲ್ಲಿ ಬರುತ್ತೆ?" ಎಂದಳು.

ಅತ್ತೆ ಮತ್ತೆ ಚಪ್ಪಲಿ ಮೆಟ್ಟಿದಳು. "ನಡಿ, ಕರ್ಕೊಂಡು ಹೋಗ್ತೀನಿ."

ಇದನ್ನು ಕೇಳುತ್ತಿರುವ ಅಕ್ಕ, ನಿಮ್ಮ ಮೈಯ ಮಾತು ನಿಮ್ಮದು. ಮಾತ್ರೆ ಕೇಳುವಾಗ ತಲೆ ತಗ್ಗಿಸಬೇಡಿ. ಹೆದರಿಸಿದರೆ, ನಕ್ಕರೆ, ಅಲ್ಲಿಗೇ ನಿಲ್ಲಬೇಡಿ, ಮುಂದಿನ ಬಾಗಿಲು ತಟ್ಟಿ. ಕಡ್ಡಿ, ಬೇರು, ಹೆಸರಿಲ್ಲದ ಮಾತ್ರೆ ಮುಟ್ಟಬೇಡಿ. ಮುಟ್ಟು ತಪ್ಪಿದರೆ ದಿನ ದೂಡದೆ ಕ್ಲಿನಿಕ್ಕಿಗೆ ಬನ್ನಿ. ಬೇಕು ಎನ್ನಲಿಕ್ಕೂ ಬೇಡ ಎನ್ನಲಿಕ್ಕೂ ಹಕ್ಕಿರುವುದು ನಿಮಗೆ. ಮಾತಾಡುವವರು ಮಾತಾಡಿಕೊಳ್ಳಲಿ, ನೀವು ಬದುಕಿರಬೇಕು.